ನುಡಿಯಲ್ಲಿ ಟೈಪ್ ಮಾಡಿದ್ದು ಗೂಗಲ್‌ಗೆ ಯಾಕೆ ಕಾಣಲ್ಲ?

ವೆಬ್‌ಸೈಟ್ ಇಟ್ಟುಕೊಂಡವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ದೂರು: "ಸೈಟ್ ಮಾಡಿಸಿದ್ದೇವೆ, ಗೂಗಲ್‌ನಲ್ಲಿ ಬರುತ್ತಿಲ್ಲ." ಹೊಸದಾಗಿ ಓದುವವರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಈ ವೆಬ್‌ಸೈಟ್ ಕೆಲಸವನ್ನು ಕಾಲೇಜಿನಲ್ಲಿ ಕಲಿತವಳಲ್ಲ. ಶಿವಮೊಗ್ಗದ ಪ್ರೆಸ್ಸೊಂದರಲ್ಲಿ 14 ವರ್ಷ ಡಿಟಿಪಿ ಮಾಡಿದೆ. ಮದುವೆ ಪತ್ರಿಕೆ, ಜಾತ್ರೆ ಕರಪತ್ರ, ಸೊಸೈಟಿ ವಾರ್ಷಿಕ ವರದಿ ಎಲ್ಲ ಆಯಿತು. ಆಮೇಲೆ ಊರಿನ ಅಂಗಡಿಗಳಿಗೆ ಸೈಟ್ ಮಾಡಿಕೊಡುತ್ತಾ, ತಪ್ಪು ಮಾಡುತ್ತಾ ಕಲಿತೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಸುಮಾರು 600 ಗಾದೆ, ಒಗಟುಗಳನ್ನು ಅರ್ಥ ಸಮೇತ ಸೈಟ್‌ನಲ್ಲಿ ಹಾಕಿದ್ದೇನೆ. 2009ರಿಂದ ಇದೆ. ಆದರೆ ಗೂಗಲ್‌ನಲ್ಲಿ "ಹಿತ್ತಲ ಗಿಡ ಮದ್ದಲ್ಲ" ಎಂದು ಹುಡುಕಿದರೆ ಯಾರ್‍ಯಾರದೋ ಬರುತ್ತದೆ, ನನ್ನದು ಬರುವುದಿಲ್ಲ. ಏನು ಕಾರಣ? (ಹಾವೇರಿ)

ಮೇಷ್ಟ್ರೇ, ನೀವು ಕೊಟ್ಟ ವಿಳಾಸ ತೆರೆದು ನೋಡಿದೆ. ನನ್ನ ಮೊಬೈಲ್‌ನಲ್ಲಿ ಒಂದು ಅಕ್ಷರವೂ ಕನ್ನಡ ಕಾಣಲಿಲ್ಲ. ಕಂಡಿದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಅದರಲ್ಲಿ ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರಿನ ಫಾಂಟ್ ಇದೆ.

ಇದು ನನಗೆ ತುಂಬ ಹಳೆಯ ಗುರುತಿನ ಕಾಯಿಲೆ. ಪ್ರೆಸ್‌ನಲ್ಲಿ ದಿನವಿಡೀ ನಾವು ಟೈಪ್ ಮಾಡುತ್ತಿದ್ದುದು ಇದರಲ್ಲೇ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಕನ್ನಡ ಅಕ್ಷರ ಅಂತ ಒಳಗೆ ಏನೂ ಇರುವುದಿಲ್ಲ. ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚಿತ್ರ ಕೂತಿರುತ್ತದೆ, ಅಷ್ಟೇ. ನೀವು ನುಡಿಯಲ್ಲಿ "ಕನ್ನಡ" ಎಂದು ಹೊಡೆದಿದ್ದರೆ ಒಳಗೆ ಉಳಿಯುವುದು ದೊಡ್ಡ ಪಿ, ತಲೆ ಮೇಲೆ ಓರೆ ಗೀಟಿರುವ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಗುರುತು, ಹೀಗೆ. ಫಾಂಟ್ ತೆಗೆದರೆ ವೇಷ ಕಳಚಿತು. ಕಾಗದದ ಮೇಲೆ ಅಚ್ಚು ಹಾಕುವವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಗೂಗಲ್ ಓದುವುದು ಒಳಗಿನದನ್ನು. ಅದಕ್ಕೆ ನಿಮ್ಮ ಸೈಟ್‌ನಲ್ಲಿ ಒಂದು ಗಾದೆಯೂ ಸಿಕ್ಕಿಲ್ಲ, ಪೌಂಡ್ ಗುರುತು ಮಾತ್ರ ಬೇಕಾದಷ್ಟು ಸಿಕ್ಕಿದೆ.

ಪರೀಕ್ಷೆ ಬಹಳ ಸುಲಭ. ಸೈಟ್‌ನ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಮೊಮ್ಮಗಳಿಗೆ ಕಳಿಸಿ. ಕನ್ನಡವಾಗಿಯೇ ಹೋದರೆ ಅದು ಯುನಿಕೋಡ್, ಅಂದರೆ ಒಳಗೂ ಕನ್ನಡ ಅಕ್ಷರವಾಗಿಯೇ ಉಳಿಯುವ ಪದ್ಧತಿ. ಕಲಸಿಕೊಂಡು ಹೋದರೆ ಹಳೆಯ ಫಾಂಟ್. ಕಾಪಿ ಮಾಡಲಿಕ್ಕೇ ಬಾರದಿದ್ದರೆ ಅದು ಹೆಚ್ಚಾಗಿ ಫೋಟೊ.

ಮದ್ದು ಇದೆ. ನುಡಿಯಿಂದ ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ. 600 ಗಾದೆ ಒಂದು ಮಧ್ಯಾಹ್ನದ ಕೆಲಸ. ಆದರೆ ಬದಲಾಯಿಸಿದ ಮೇಲೆ ಕಣ್ಣಾರೆ ಓದದೆ ಹಾಕಬೇಡಿ. ಅರ್ಕಾವತ್ತು ಇರುವ ಪದಗಳಲ್ಲಿ ಎಡವಟ್ಟು ಆಗುವುದುಂಟು. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಅಕ್ಷರವಾಗಿ ಮುರುಟಿಕೊಂಡಿರುತ್ತದೆ. ಫೋನ್ ನಂಬರನ್ನೂ ಒಮ್ಮೆ ನೋಡಿಕೊಳ್ಳಿ.

ಇನ್ನೊಂದು. 600 ಗಾದೆಯೂ ಒಂದೇ ಪುಟದಲ್ಲಿ ಉದ್ದಕ್ಕೆ ಬಿದ್ದಿವೆ. ನೀವೇ ಅಲ್ಲಲ್ಲಿ ಬರೆದಿದ್ದೀರಲ್ಲ, ಈ ಗಾದೆಯನ್ನು ನಮ್ಮ ಕಡೆ ಯಾವಾಗ ಆಡುತ್ತಾರೆ, ಯಾರಿಗೆ ಆಡುತ್ತಾರೆ ಅಂತ? ಅದೇ ನಿಮ್ಮ ಆಸ್ತಿ. ಬರೀ ಗಾದೆ ಪಟ್ಟಿ ನೂರು ಕಡೆ ಇದೆ. ಅಂಥ ವಿವರಣೆ ಇರುವ ಗಾದೆಗಳಿಗೆ ಒಂದೊಂದು ಪುಟ ಕೊಡಿ. ಪುಟದ ಟೈಟಲ್‌ನಲ್ಲಿ ಆ ಗಾದೆಯೇ ಇರಲಿ. ಈಗ ಎಲ್ಲ ಕಡೆ "ಮುಖಪುಟ" ಅಂತಿದೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ಹೋಮ್‌ಸ್ಟೇ ಇಟ್ಟಿದ್ದೇವೆ. "ಸಕಲೇಶಪುರ ಹೋಮ್‌ಸ್ಟೇ" ಎಂದು ಹುಡುಕಿದರೆ ಬರೀ ದೊಡ್ಡ ಬುಕಿಂಗ್ ಕಂಪನಿಗಳೇ ಬರುತ್ತವೆ. ನಾವು ಹೇಗೆ ಮೇಲೆ ಬರುವುದು?

ಆ ಎರಡು ಪದಕ್ಕೆ ಅವರ ಜೊತೆ ಕುಸ್ತಿ ಬೇಡ. ಗೆಲ್ಲಲಿಕ್ಕೆ ಆಗಲ್ಲ ಅಂತಲ್ಲ, ಅಷ್ಟು ವರ್ಷ ಕಾಯುವ ಹೊತ್ತಿಗೆ ನಿಮ್ಮ ಎರಡು ಸೀಸನ್ ಖಾಲಿ ಹೋಗುತ್ತದೆ.

ಮೊದಲು ಒಂದು ನೋಟ್‌ಬುಕ್ ಇಡಿ, ಫೋನಿನ ಪಕ್ಕದಲ್ಲೇ. ಬುಕಿಂಗ್‌ಗೆ ಫೋನ್ ಮಾಡಿದವರು ಏನೇನು ಕೇಳುತ್ತಾರೆ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಕಾರು ಮನೆ ಬಾಗಿಲ ತನಕ ಬರುತ್ತಾ, ಜೀಪ್ ಮಾಡಬೇಕಾ? ಮೊಬೈಲ್ ನೆಟ್‌ವರ್ಕ್ ಯಾವುದು ಸಿಗುತ್ತೆ? ರೈಲಿನಲ್ಲಿ ಬಂದರೆ ಸ್ಟೇಷನ್ನಿಂದ ಆಟೋ ಎಷ್ಟು? ಡ್ರೈವರ್‌ಗೆ ಮಲಗಲು ಜಾಗ ಇದೆಯಾ? ಮಳೆಗಾಲದಲ್ಲಿ ಜಿಗಣೆ ಕಾಟ ಎಷ್ಟು? ಕಾಫಿ ಹೂವು ಯಾವಾಗ ಬಿಡುತ್ತೆ? ಮಂಜರಾಬಾದ್ ಕೋಟೆಗೆ ಎಷ್ಟು ದೂರ, ಅಜ್ಜಿ ಮೆಟ್ಟಿಲು ಹತ್ತಬಹುದಾ?

ಫೋನ್ ಮಾಡುವ ಮುಂಚೆ ಜನ ಇದನ್ನೇ ಗೂಗಲ್‌ಗೆ ಕೇಳಿರುತ್ತಾರೆ. ನಿಮ್ಮ ಸೈಟ್‌ನಲ್ಲಿ ಇದಕ್ಕೆ ಒಂದಕ್ಕೂ ಉತ್ತರ ಇಲ್ಲ. ಇರುವುದು ಏನು? "ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ." ಈ ಸಾಲು ಮಲೆನಾಡಿನ ಯಾವ ಸೈಟ್‌ನಲ್ಲಿ ಇಲ್ಲ ಹೇಳಿ! ಜಿಗಣೆ ಬಗ್ಗೆ ಬರೆಯಲು ನಿಮಗೆ ಮುಜುಗರ ಇರಬಹುದು. ಬರೆಯಿರಿ. ಜುಲೈನಲ್ಲಿ ಜಿಗಣೆ ಇರುತ್ತೆ, ಉಪ್ಪು, ಸುಣ್ಣ ಕೊಡುತ್ತೇವೆ ಅಂತ ನೇರವಾಗಿ ಹೇಳಿದ ಮನೆಯನ್ನು ಜನ ನಂಬುತ್ತಾರೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಕಿ, ಆದರೆ ಬೇರೆ ಬೇರೆ ಪುಟದಲ್ಲಿ.

ಎರಡನೆಯದು ಮ್ಯಾಪ್. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಜಾಗ, ಹೆಸರು, ಫೋನ್ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. 2021ರ ತನಕ ಇದರ ಹೆಸರು ಗೂಗಲ್ ಮೈ ಬಿಸಿನೆಸ್ ಅಂತಿತ್ತು. ಮ್ಯಾಪ್‌ನಲ್ಲಿ ಯಾರನ್ನು ಮೇಲೆ ತೋರಿಸಬೇಕು ಅನ್ನಲು ಗೂಗಲ್ ಮೂರು ಸಂಗತಿ ನೋಡುತ್ತದೆ: ಹುಡುಕಿದ್ದಕ್ಕೆ ನೀವು ಎಷ್ಟು ಹೊಂದುತ್ತೀರಿ, ಎಷ್ಟು ದೂರದಲ್ಲಿದ್ದೀರಿ, ಎಷ್ಟು ಹೆಸರುವಾಸಿ. ದೂರ ನಿಮ್ಮ ಕೈಯಲ್ಲಿಲ್ಲ. ಉಳಿದ ಎರಡು ಇದೆ. ನಿಮ್ಮ ಪಿನ್ ಮಾತ್ರ ಈಗ ಮೇನ್ ರೋಡ್‌ನ ಪೆಟ್ರೋಲ್ ಬಂಕ್ ಎದುರು ನಿಂತಿದೆ. ಮೊದಲು ಅದನ್ನು ತೋಟದ ಗೇಟಿಗೆ ತನ್ನಿ, ಬಂದವರು ಕತ್ತಲಲ್ಲಿ ಬೈಯುವುದಾದರೂ ತಪ್ಪುತ್ತದೆ. ಹೆಸರಿನ ಜಾಗದಲ್ಲಿ ನಿಮ್ಮ ಬೋರ್ಡ್‌ನಲ್ಲಿರುವ ಹೆಸರು ಮಾತ್ರ ಹಾಕಿ. "ಬೆಸ್ಟ್ ಹೋಮ್‌ಸ್ಟೇ ಇನ್ ಸಕಲೇಶಪುರ" ಅಂತ ಬಾಲ ಕಟ್ಟುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಬಂದ್ ಆಗಬಹುದು. ಹೊರಡುವಾಗ ಅತಿಥಿಗಳಿಗೆ "ಎರಡು ಸಾಲು ರಿವ್ಯೂ ಬರೀರಿ" ಅಂತ ಕೇಳುವುದು ತಪ್ಪಲ್ಲ. ಬರೆದರೆ ಬಿಲ್‌ನಲ್ಲಿ 200 ರೂಪಾಯಿ ಬಿಡುತ್ತೇವೆ ಅನ್ನುವುದು ತಪ್ಪು.

ಫೋಟೊ ಬಗ್ಗೆ ಚಿಕ್ಕದಾಗಿ. ಕ್ಯಾಮೆರಾದಿಂದ ಬಂದ 6 ಎಂಬಿ ಫೋಟೊಗಳನ್ನು ಹಾಗೇ ಏರಿಸಿದ್ದೀರಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ. ಘಾಟಿಯಲ್ಲಿ ನಿಂತು ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ನೋಡುವವನಿಗೆ ನಿಮ್ಮದು ತೆರೆಯುವಷ್ಟರಲ್ಲಿ ಅವನು ಘಾಟಿ ಇಳಿದು ಗುಂಡ್ಯ ದಾಟಿರುತ್ತಾನೆ. ಅಗಲ 1,200 ಪಿಕ್ಸೆಲ್‌ಗೆ ಇಳಿಸಿ, ಒಂದೊಂದು 200 ಕೆಬಿ ಆಸುಪಾಸಿಗೆ ತನ್ನಿ.

ಪ್ರಶ್ನೆ: "30 ದಿನದಲ್ಲಿ ಮೊದಲ ಸ್ಥಾನ, ಗ್ಯಾರಂಟಿ" ಎಂದು ಒಬ್ಬರು ಫೋನ್ ಮಾಡುತ್ತಿದ್ದಾರೆ. 25,000 ರೂಪಾಯಿ ಕೇಳುತ್ತಿದ್ದಾರೆ. ಕೊಡಬಹುದೇ? (ದಾವಣಗೆರೆ)

ಬೇಡ. ಮೊದಲ ಸ್ಥಾನಕ್ಕೆ ಯಾರೂ ಗ್ಯಾರಂಟಿ ಕೊಡಲಾಗದು ಅಂತ ಗೂಗಲ್ ತಾನೇ ಬರೆದಿಟ್ಟಿದೆ. ಇಂಥವರು ಎರಡರಲ್ಲಿ ಒಂದು ಮಾಡುತ್ತಾರೆ. ಯಾರೂ ಹುಡುಕದ ಪದಕ್ಕೆ ನಿಮ್ಮನ್ನು ಮೇಲೆ ತಂದು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಇಲ್ಲವೇ, ಬೇರೆ ಸೈಟ್‌ಗಳು ನಿಮಗೆ ಲಿಂಕ್ ಕೊಟ್ಟರೆ ಗೂಗಲ್ ಅದನ್ನು ಶಿಫಾರಸಿನ ಹಾಗೆ ನೋಡುತ್ತದೆ ಅಂತ, ಎಲ್ಲೆಲ್ಲಿಂದಲೋ ಲಿಂಕ್ ಕೊಂಡು ತಂದು ಗುಡ್ಡೆ ಹಾಕುತ್ತಾರೆ. ಈ ಲಿಂಕ್ ವ್ಯಾಪಾರದ ಮೇಲೆ ಗೂಗಲ್ 2012ರಲ್ಲೇ ಪೆಂಗ್ವಿನ್ ಅನ್ನುವ ಬದಲಾವಣೆ ತಂದು ಎಷ್ಟೋ ಸೈಟ್‌ಗಳನ್ನು ಕೆಳಗಿಳಿಸಿತ್ತು.

ಅದೇ ದುಡ್ಡಿನಲ್ಲಿ ಒಳ್ಳೆಯ ಫೋಟೊ ತೆಗೆಸಿ. ಅಂದಹಾಗೆ, ನಿಮ್ಮ ಡೊಮೈನ್, ಅಂದರೆ ಸೈಟ್‌ನ ವಿಳಾಸದ ಹೆಸರು, ಯಾರ ಹೆಸರಿನಲ್ಲಿದೆ? ಇವತ್ತೇ ನೋಡಿ. ಸೈಟ್ ಮಾಡಿಕೊಟ್ಟ ಹುಡುಗನ ಇಮೇಲ್‌ನಲ್ಲಿ ಡೊಮೈನ್ ಇದ್ದು, ಅವನು ಕೆಲಸ ಬಿಟ್ಟು ಹೋಗಿ, ರಿನ್ಯೂ ಆಗದೆ ಹೆಸರೇ ಕೈತಪ್ಪಿದ ಅಂಗಡಿಯವರನ್ನು ನೋಡಿದ್ದೇನೆ.

ಪ್ರಶ್ನೆ: ಇಳಕಲ್ ಸೀರೆ ಮಾರುತ್ತೇವೆ. ಹಳೆಯ ಸೈಟ್‌ಗೆ ದಿನಾ ಜನ ಬರುತ್ತಿದ್ದರು. ಚೆಂದ ಕಾಣಲಿ ಎಂದು ಹೊಸದು ಮಾಡಿಸಿದ ಮೇಲೆ ಒಬ್ಬರೂ ಬರುತ್ತಿಲ್ಲ.

ಇದನ್ನು ಓದಿ ನನ್ನ ಹೊಟ್ಟೆ ಚುರುಕ್ ಅಂದಿತು. ನಾನೇ ಒಬ್ಬರಿಗೆ ಹೀಗೆ ಮಾಡಿದ್ದೇನೆ. ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ ಒಂದು ಚೌಕ ಇದೆ. ಅದಕ್ಕೆ ಟಿಕ್ ಹಾಕಿದರೆ ಸರ್ಚ್ ಎಂಜಿನ್‌ಗಳಿಗೆ "ಈ ಸೈಟನ್ನು ಪಟ್ಟಿಗೆ ಸೇರಿಸಬೇಡಿ" ಅಂತ ಹೇಳಿದ ಹಾಗೆ. ಕೆಲಸ ನಡೆಯುವಾಗ ಹಾಕಿದ್ದೆ. ಮುಗಿದ ಮೇಲೆ ತೆಗೆಯಲು ಮರೆತೆ. ನಾಲ್ಕು ತಿಂಗಳು! ಅವರು ದಸರಾ ವ್ಯಾಪಾರ ಕಳೆದುಕೊಂಡರು. ದುಡ್ಡು ವಾಪಸ್ ಕೊಟ್ಟೆ, ಆದರೂ ಅವರ ಅಂಗಡಿ ಮುಂದೆ ಹೋಗುವಾಗ ಈಗಲೂ ತಲೆ ತಗ್ಗಿಸುತ್ತೇನೆ. ಹಾಗಾಗಿ ಮೊದಲು ಆ ಚೌಕ ನೋಡಿ.

ಅದು ಖಾಲಿ ಇದ್ದರೆ ಎರಡನೆಯ ಅನುಮಾನ ವಿಳಾಸಗಳ ಮೇಲೆ. ಹಳೆಯ ಸೈಟ್‌ನಲ್ಲಿ ಚಿಕ್ಕಿ ದಡಿ, ಗೋಮಿ ದಡಿ ಸೀರೆಗಳಿಗೆ ಒಂದೊಂದು ಪುಟ ಇತ್ತು ಅಂತ ಬರೆದಿದ್ದೀರಿ. ಹೊಸದರಲ್ಲಿ ಅವೆಲ್ಲ ಬೇರೆ ವಿಳಾಸಕ್ಕೆ ಹೋಗಿವೆ. ಹಳೆಯದನ್ನು ಒತ್ತಿದವರಿಗೆ "ಪುಟ ಇಲ್ಲ" ಅಂತ ಬರುತ್ತದೆ. ಅಂಗಡಿ ಬದಲಾಯಿಸಿ ಹಳೆ ಬಾಗಿಲಿಗೆ ಚೀಟಿ ಅಂಟಿಸದೆ ಬಂದ ಹಾಗಾಯಿತು. ಆ ಚೀಟಿಗೆ 301 ರಿಡೈರೆಕ್ಟ್ ಅನ್ನುತ್ತಾರೆ. ಹಳೆಯ ಪ್ರತಿ ವಿಳಾಸದಿಂದ ಅದಕ್ಕೆ ಸರಿಹೊಂದುವ ಹೊಸ ಪುಟಕ್ಕೇ ಹಾಕಿಸಿ. ಎಲ್ಲವನ್ನೂ ಮುಖಪುಟಕ್ಕೆ ತಂದು ಸುರಿಯಬೇಡಿ. ಕಡಿಮೆ ಎಂದರೆ ಒಂದು ವರ್ಷ ಇರಲಿ. ನಾನಾದರೆ ತೆಗೆಯುವುದೇ ಇಲ್ಲ.

ಹಳೆಯ ವಿಳಾಸಗಳು ನೆನಪಿಲ್ಲ ಅಂತೀರಾ? ಸೈಟ್ ಇಟ್ಟವರಿಗೆ ಗೂಗಲ್ ಪುಕ್ಕಟೆ ಕೊಡುವ ಲೆಕ್ಕದ ಪುಸ್ತಕ, ಗೂಗಲ್ ಸರ್ಚ್ ಕನ್ಸೋಲ್, ಮೊದಲೇ ಜೋಡಿಸಿದ್ದರೆ 16 ತಿಂಗಳ ಲೆಕ್ಕ ಅದರಲ್ಲಿ ಇರುತ್ತದೆ. ಯಾವ ಪುಟಕ್ಕೆ ಎಷ್ಟು ಜನ ಬಂದರು, ಏನು ಟೈಪ್ ಮಾಡಿ ಬಂದರು, ಎಲ್ಲ. ಅಲ್ಲಿ ಇನ್ನೊಂದು ತಮಾಷೆ ಕಾಣಬಹುದು. ನಿಮ್ಮ ಗಿರಾಕಿಗಳು ಕನ್ನಡದವರೇ ಆದರೂ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿರುತ್ತಾರೆ, ಒಬ್ಬರು ಇಲ್ಕಲ್, ಇನ್ನೊಬ್ಬರು ಇಳಕಲ್. ಹಾಗಾಗಿ ಟೈಟಲ್‌ನಲ್ಲಿ ಹೆಸರು ಎರಡೂ ಲಿಪಿಯಲ್ಲಿರಲಿ.

ಪ್ರಶ್ನೆ: ಅಡಿಕೆ ಸಸಿ ನರ್ಸರಿ ನಮ್ಮದು. ಎಐ ಬಳಸಿ ದಿನಕ್ಕೆ 20 ಲೇಖನ ಹಾಕಿದರೆ ಬೇಗ ಮೇಲೆ ಬರಬಹುದೇ? (ತೀರ್ಥಹಳ್ಳಿ)

ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿಗಟ್ಟಲೆ ಪುಟ ಸುರಿಯುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಹೆಸರಿಟ್ಟೇ ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. ಯಂತ್ರ ಬರೆಯಿತೋ ಮನುಷ್ಯ ಬರೆದನೋ, ಅದಕ್ಕೆ ಎರಡೂ ಒಂದೇ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಕಲಸುವಾಗ ನಿಮ್ಮ ಅಪ್ಪ ಏನು ಹೇಳಿಕೊಟ್ಟರೋ ಅದನ್ನು ಒಂದು ಪುಟ ಬರೆಯಿರಿ, ನಾಲ್ಕು ಫೋಟೊ ಹಾಕಿ. ತಿಂಗಳಿಗೆ ಅಂಥವು ಎರಡು ಸಾಕು.

ಪ್ರಶ್ನೆ: ಪುಟದ ವಿಳಾಸವನ್ನು ಕನ್ನಡದಲ್ಲೇ ಇಡಬಹುದೇ? (ಮೈಸೂರು)

ಧಾರಾಳವಾಗಿ ಇಡಬಹುದು, ಗೂಗಲ್‌ಗೆ ತೊಂದರೆ ಇಲ್ಲ. ಆದರೆ ಅದನ್ನು ಕಾಪಿ ಮಾಡಿ ಕಳಿಸಿದರೆ ಕೆಲವು ಕಡೆ ಒಂದೊಂದು ಕನ್ನಡ ಅಕ್ಷರವೂ ಪರ್ಸೆಂಟ್ ಗುರುತು ಸೇರಿ 9 ಅಕ್ಷರ ಆಗಿಬಿಡುತ್ತದೆ. ಕಾಗುಣಿತ, ಒತ್ತು ಸೇರಿದರೆ ಇನ್ನೂ ಉದ್ದ. ನೋಡಿದವರು ವೈರಸ್ ಲಿಂಕ್ ಅಂದುಕೊಂಡು ಒತ್ತುವುದೇ ಇಲ್ಲ. ನಾನು ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡುತ್ತೇನೆ, ಉಳಿದದ್ದೆಲ್ಲ ಕನ್ನಡ.