ಉಪ್ಪಿಟ್ಟು ತಿಂದು ಬಂದೆ, ಅಷ್ಟೇ ಮೇಡಂ

ಮದುವೆಯ ಮಾತನ್ನು ಒಬ್ಬರು ಮುಂದೂಡುತ್ತಲೇ ಇರುವ, ಇನ್ನೊಬ್ಬರು ಕಾಯುತ್ತಲೇ ಇರುವ ಕಥೆ ಹೊತ್ತುಕೊಂಡು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವ ಜೋಡಿಗಳು ಕಡಿಮೆಯಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆಯೂ ಇದೆ.

ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು, ಮೂವತ್ತರ ಆಸುಪಾಸು. ಜಾತಿ ಬೇರೆ. ಮೂರು ವರ್ಷದ ಒಡನಾಟ. "ತಂಗಿ ಮದುವೆ ಮುಗೀಲಿ, ಮನೇಲಿ ಮಾತಾಡ್ತೀನಿ" ಅಂದಿದ್ದ ಆತ. ತಂಗಿಯ ಮದುವೆಯಾಗಿ ಸೀಮಂತವೂ ಮುಗಿದಿತ್ತು. ಆಕೆಗೆ ನಿದ್ದೆಯಿಲ್ಲ. 'ಇವಳು ಸುಮ್ನೆ ಟೆನ್ಷನ್ ಮಾಡ್ಕೊಳ್ತಾಳೆ' ಅನ್ನುವುದು ಆತನ ದೂರು.

ಇಬ್ಬರನ್ನೂ ಒಟ್ಟಿಗೆ ಕೂರಿಸಿದ ದಿನ ಆತನನ್ನು ಕೇಳಿದೆ, "ಮನೇಲಿ ನಿಮಗೆ ಸಂಬಂಧ ನೋಡ್ತಿದಾರಾ?"

ಆತ ಮೊಬೈಲ್ ಮಗುಚಿಟ್ಟ. "ಅಮ್ಮ ಮ್ಯಾಟ್ರಿಮೊನಿಯಲ್ಲಿ ಹಾಕಿದಾರೆ. ಒಂದು ಕಡೆ ಹೆಣ್ಣು ನೋಡೋಕೂ ಹೋಗಿದ್ವಿ. ಅಮ್ಮನ ಸಮಾಧಾನಕ್ಕೆ. ಉಪ್ಪಿಟ್ಟು, ಕೇಸರಿಬಾತ್ ತಿಂದು ಬಂದೆ, ಅಷ್ಟೇ ಮೇಡಂ."

"ಆ ಹುಡುಗಿಗೆ ಏನ್ ಹೇಳಿ ಬಂದೆ?" ಎಂದಳು ಆಕೆ.

"ನಾನೇನೂ ಹೇಳಿಲ್ಲ. ಜಾತಕ ತೋರಿಸಿ ತಿಳಿಸ್ತೀವಿ ಅಂದ್ರು ಅಮ್ಮ."

"ತಿಳಿಸಿದ್ರಾ?"

"ಇನ್ನೂ ಇಲ್ಲ."

"ಹಾಗಾದ್ರೆ ಅವಳೂ ಕಾಯ್ತಿದಾಳೆ."

ಅಲ್ಲಿಯವರೆಗೆ ಎಲ್ಲಕ್ಕೂ ಉತ್ತರವಿದ್ದ ಆತ ತಲೆ ತಗ್ಗಿಸಿದ. ಕೆಟ್ಟವನಲ್ಲ. ಯಾರ ಮನಸ್ಸೂ ನೋಯಬಾರದೆಂದು ಅಮ್ಮನಿಗೊಂದು, ಈಕೆಗೊಂದು ಹೇಳಿಕೊಂಡು ಬಂದವನು. ಈ 'ಒಳ್ಳೆಯತನ'ದ ಬಗ್ಗೆ ನನಗೆ ಗೌರವವಿಲ್ಲ. ಅದರ ಖರ್ಚನ್ನೆಲ್ಲ ಬೇರೆಯವರು ಭರಿಸುತ್ತಾರೆ.

ಆಕೆಯನ್ನೂ ಕೇಳಿದೆ: "ಮದುವೆ ಬೇಕೇ ಬೇಕು ಅಂತ ನೀವು ಬಾಯಿಬಿಟ್ಟು ಹೇಳಿದೀರಾ?" ಹೇಳಿರಲಿಲ್ಲ. ಶುರುವಿನಲ್ಲಿ "ನಂಗೂ ಅರ್ಜೆಂಟಿಲ್ಲ" ಅಂದಿದ್ದಳು, ಎಲ್ಲಿ ಗಂಟುಬಿದ್ದ ಹಾಗಾಗುತ್ತೋ ಅಂತ. ಬೇಕಾದದ್ದನ್ನು ಕೇಳದಿರುವುದೂ, ಹೆಣ್ಣು ನೋಡಿ ಬಂದದ್ದನ್ನು ಮುಚ್ಚಿಡುವುದೂ ಒಂದೇ ತೂಕದವಲ್ಲ. ಹಾಗೆಂದು ಆಕೆಗೂ ಸ್ಪಷ್ಟವಾಗಿಯೇ ಹೇಳಿದೆ. ಆದರೆ ಕೇಳದೆ ಇದ್ದಷ್ಟು ದಿನ ಆಕೆ ಅವನ ಮುಖ ನೋಡಿ ಅರ್ಥ ಹುಡುಕುತ್ತಲೇ ಇರಬೇಕಾಗುತ್ತದೆ.

ನಾನು ಕೊಟ್ಟ ಸಲಹೆ: ನೋಡಿ ಬಂದ ಹುಡುಗಿಯ ಮನೆಯವರಿಗೆ ಈ ವಾರವೇ 'ಆಗಲ್ಲ' ಎಂದು ತಿಳಿಸಬೇಕು. ಒಂದು ತಿಂಗಳೊಳಗೆ ಆತ ತನ್ನ ಮನೆಯಲ್ಲಿ ಹೇಳಬೇಕು, ಇಲ್ಲವೇ ಹೇಳಲಾರೆ ಎಂದು ಆಕೆಗೆ ಹೇಳಬೇಕು. ಜಾತಿ, ಧರ್ಮ ಬೇರೆಯಾದವರೂ ಮದುವೆಯಾಗಬಹುದಾದ 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ ಮದುವೆಗೆ ಮುಂಚಿನ ನೋಟಿಸಿನ ಅವಧಿ 30 ದಿನ. ಅಮ್ಮನೆದುರು ಬಾಯಿ ತೆರೆಯಲು ಅಷ್ಟು ಸಾಲದೇ?

ಗಡುವು ಹಾಕುವುದು ಆಪ್ತಸಲಹೆಗಾರರ ಕೆಲಸವಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಸಾಮಾನ್ಯವಾಗಿ ನಾನೂ ಹಾಕುವುದಿಲ್ಲ. ಇಲ್ಲಿ ಕಾಯುವುದೆಲ್ಲ ಒಬ್ಬರ ಪಾಲಿಗೇ ಬಿದ್ದಿತ್ತು. ಸುಮ್ಮನಿದ್ದರೆ ನಾನೂ ಆತನ ಪರ ನಿಂತಂತಾಗುತ್ತಿತ್ತು.

ಪೊಲೀಸ್ ದೂರು ಕೊಡು ಎಂದು ಗೆಳತಿಯರು ಆಕೆಗೆ ಹೇಳಿದ್ದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ, ಈಡೇರಿಸುವ ಉದ್ದೇಶವೇ ಇಲ್ಲದೆ ಮದುವೆಯ ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸಿದವರಿಗೆ 10 ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ. ಮಾತು ಕೊಟ್ಟು ಆಮೇಲೆ ಧೈರ್ಯ ಸಾಲದೆ ಹೋದವರನ್ನು ನ್ಯಾಯಾಲಯಗಳು ಬೇರೆಯಾಗಿಯೇ ನೋಡುತ್ತವೆ. ಅದನ್ನು ವಕೀಲರ ಹತ್ತಿರ ಕೇಳಿ, ದಾರಿ ಮುಚ್ಚಿಕೊಳ್ಳಬೇಡಿ ಎಂದೆ. ಆಕೆ ಹೋಗಲಿಲ್ಲ.

ತಿಂಗಳು ಕಳೆಯಿತು, ಆತ ಮನೆಯಲ್ಲಿ ಹೇಳಲಿಲ್ಲ. ಆಕೆ ಸಂಬಂಧ ಮುರಿದುಕೊಂಡಳು. ಈಗ ಆತ ಒಬ್ಬನೇ ಬರುತ್ತಾನೆ. ಹೆಣ್ಣು ನೋಡುವುದನ್ನು ನಿಲ್ಲಿಸಿದ್ದಾನಂತೆ. ಯಾಕೆಂದು ಅಮ್ಮನಿಗೆ ಇನ್ನೂ ಹೇಳಿಲ್ಲ.