ಟ್ರಂಕ್ ತುಂಬ ಮೆಡಲ್ ಬೇಕಾ, ಒಳ್ಳೇದು ಒಂದೇ ಸಾಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ನಮ್ಮೂರು ಬೆಳಗಾವಿ. ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇರೋ ಊರಾದ್ದರಿಂದ ಚಿಕ್ಕಂದಿನಿಂದ್ಲೂ ಮಿಲಿಟರಿ ಸಾಮಾನು ಅಂದ್ರೆ ಹುಚ್ಚು. ಗುಜರಿ ಅಂಗಡಿ, ಸಂತೆ, ಬೆಂಗಳೂರಿಗೆ ಹೋದಾಗ ಸಂಡೇ ಬಜಾರ್, ಎಲ್ಲಿ ಏನು ಸಿಕ್ಕಿದ್ರೂ ತಂದು ಹಾಕಿದ್ದೀನಿ. ಬಟನ್, ಬ್ಯಾಡ್ಜ್, ಬೆಲ್ಟ್, ನೀರಿನ ಬಾಟ್ಲಿ, ಎರಡನೇ ಮಹಾಯುದ್ಧದ ಸ್ಟಾರ್‌ಗಳು (ನಕ್ಷತ್ರದ ಆಕಾರದ ಮೆಡಲ್), ಎರಡು ಟ್ರಂಕ್ ಭರ್ತಿ ಆಗಿವೆ. ಈಗ ಒಬ್ಬ ಡೀಲರ್ ಹತ್ರ ಮೊದಲ ಮಹಾಯುದ್ಧದ ಮೆಡಲ್ ಜೋಡಿ ಇದೆ, ಮೈಸೂರು ಲ್ಯಾನ್ಸರ್ಸ್‌ದು (ಮೈಸೂರು ಸಂಸ್ಥಾನದ ಕುದುರೆ ಪಡೆ) ಅಂತಾನೆ, ರೇಟ್ ಮಾತ್ರ ತುಂಬಾ ಜಾಸ್ತಿ. ಟ್ರಂಕಲ್ಲಿರೋದನ್ನೆಲ್ಲ ಮಾರಿ ಅದನ್ನ ತಗೊಳ್ಳೋದು ಜಾಣತನಾನಾ?

ಉತ್ತರ: ಆ ಜೋಡಿ ನಿಜವಾದದ್ದೇ ಆಗಿದ್ರೆ ಖಂಡಿತ ತಗೊಳ್ಳಿ, ಆದ್ರೆ ಎಲ್ಲಾನೂ ಮಾರಬೇಡಿ. ಯಾಕೆ ಅಂತ ಹೇಳ್ತೀನಿ.

ಮಿಲಿಟರಿ ಸಾಮಾನಿನಲ್ಲಿ ಕ್ವಾಲಿಟಿ ಅಂದ್ರೆ ಹೊಳಪಲ್ಲ, ರೇಟೂ ಅಲ್ಲ, ಆ ವಸ್ತು ಎಷ್ಟು ಮಾತಾಡುತ್ತೆ ಅನ್ನೋದು. ಮೊದಲ ಮಹಾಯುದ್ಧದ ಆ ಜೋಡಿಯಲ್ಲಿ ಒಂದಾದ ಬ್ರಿಟಿಷ್ ವಾರ್ ಮೆಡಲನ್ನೇ ಉದಾಹರಣೆಗೆ ನೋಡಿ, ಬೆಳ್ಳಿದು, 36 ಮಿ.ಮೀ. ಅಗಲ. ಬೆಳ್ಳಿಯಲ್ಲೇ ಸುಮಾರು 65 ಲಕ್ಷ ಕೊಟ್ಟಿದ್ದಾರೆ, ಹಾಗಾಗಿ ಮೆಡಲ್ ಅನ್ನೋ ಲೆಕ್ಕದಲ್ಲಿ ಅದು ಅಪರೂಪ ಅಲ್ಲವೇ ಅಲ್ಲ. ಆದ್ರೆ ಅದರ ಅಂಚಲ್ಲಿ ಸೈನಿಕನ ನಂಬರ್, ರ‍್ಯಾಂಕ್, ಹೆಸರು, ಯೂನಿಟ್ ಅಚ್ಚಾಗಿರುತ್ತೆ ನೋಡಿ, ಅಲ್ಲಿ ಮೈಸೂರು ಲ್ಯಾನ್ಸರ್ಸ್ ಅಂತ ಬಂದ ಕೂಡ್ಲೇ ಅದು ಬೇರೆಯೇ ವಸ್ತು ಆಗ್ಬಿಡುತ್ತೆ. ಯಾಕಂದ್ರೆ 1918ರ ಸೆಪ್ಟೆಂಬರ್ 23ಕ್ಕೆ ಜೋಧಪುರದ ಲ್ಯಾನ್ಸರ್ಸ್ ಜೊತೆ ಸೇರಿ ಈಗಿನ ಇಸ್ರೇಲ್‌ನಲ್ಲಿರೋ ಹೈಫಾ ಊರನ್ನ ಕುದುರೆ ಮೇಲೆ ನುಗ್ಗಿ ಗೆದ್ದವರು ಇವರೇ, ಎದುರಿಗೆ ಮಷಿನ್ ಗನ್ನು ಫಿರಂಗಿ ಇದ್ವು, ಇವರ ಕೈಲಿ ಭರ್ಜಿ ಕತ್ತಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ, ಅದರ ಮುಂದೆ ದಿನಾ ಓಡಾಡೋರಿಗೂ ಎಷ್ಟೋ ಜನಕ್ಕೆ ಅದು ಯಾರದ್ದು ಅಂತ ಗೊತ್ತಿಲ್ಲ ಅನ್ನೋದು ನನಗೆ ಬಹಳ ಬೇಜಾರಿನ ವಿಷಯ. ಅಂಥವರ ಮೆಡಲ್ ಕರ್ನಾಟಕದಲ್ಲೇ, ಬೆಲೆ ಗೊತ್ತಿರೋರ ಕೈಲಿ ಉಳಿಯಬೇಕು.

ಇನ್ನೊಂದು, ಬೆಳ್ಳಿ ರೇಟ್ ಏರಿದಾಗೆಲ್ಲ ಮೊದಲು ಕರಗೋದು ಇದೇ ಮೆಡಲ್. 1980ರ ಸುಮಾರಿಗೆ ಬೆಳ್ಳಿ ಬೆಲೆ ಗಗನಕ್ಕೆ ಹೋದಾಗ ವಿದೇಶದಲ್ಲೂ ರಾಶಿಗಟ್ಟಲೆ ಕರಗಿಸಿಬಿಟ್ರು, ಜೋಡಿಯಲ್ಲಿ ಎರಡನೇದಾದ ಕಂಚಿನ ವಿಕ್ಟರಿ ಮೆಡಲ್ ಮಾತ್ರ ಒಂಟಿಯಾಗಿ ಉಳೀತು. ನಮ್ಮ ಗಿರವಿ ಅಂಗಡಿಗಳಲ್ಲೂ ತೂಕಕ್ಕೆ ಹಾಕೋದೇ ನಡೆದಿರೋದು. ಹಾಗಾಗಿ ಒಬ್ಬನೇ ಸೈನಿಕನ ಹೆಸರಿರೋ ಎರಡೂ ಮೆಡಲ್ ಒಟ್ಟಿಗೆ ಸಿಗೋದಕ್ಕೆ ಅಷ್ಟು ಬೆಲೆ.

ಈಗ ಕೊಳ್ಳೋ ಮುಂಚೆ ಮಾಡಬೇಕಾದ್ದು. ಮೆಡಲನ್ನ ಅಂಚು ಮೇಲೆ ಬರೋ ಹಾಗೆ ಹಿಡ್ಕೊಂಡು ಕಿಟಕಿ ಬೆಳಕಲ್ಲಿ ನಿಧಾನಕ್ಕೆ ತಿರುಗಿಸಿ. ಹಳೆ ಹೆಸರು ಉಜ್ಜಿ ತೆಗೆದು ಹೊಸ ಹೆಸರು ಹೊಡೆದಿದ್ರೆ ಆ ಜಾಗ ಒಂಚೂರು ತಗ್ಗಾಗಿ ಕಾಣುತ್ತೆ, ಅಂಚಿನ ಉಳಿದ ಭಾಗಕ್ಕೂ ಅದಕ್ಕೂ ಬಣ್ಣ ಹೊಂದಲ್ಲ. ಆಮೇಲೆ ವರ್ನಿಯರ್ ಕ್ಯಾಲಿಪರ್ ಇಟ್ಟು ನಾಲ್ಕೈದು ಕಡೆ ಅಳೀರಿ, ಅರ ಹಾಕಿದ ಕಡೆ ಅಳತೆ ಕಮ್ಮಿ ಬಂದೇ ಬರುತ್ತೆ. ಅಕ್ಷರಗಳನ್ನ ಲೆನ್ಸಲ್ಲಿ ನೋಡಿ, ಈ ಮೆಡಲ್‌ಗಳಲ್ಲಿ ಹೆಸರನ್ನ ಅಚ್ಚಿನಿಂದ ಒತ್ತಿರ್ತಾರೆ, ಕೈಯಲ್ಲಿ ಕೆತ್ತಿದ ಹಾಗಿದ್ರೆ ಅನುಮಾನ ಪಡಿ. ಎರಡೂ ಮೆಡಲ್ ಮೇಲೆ ನಂಬರ್ರು ಹೆಸರು ಒಂದೇ ಇದ್ಯಾ ಅಂತ ಅಕ್ಷರ ಅಕ್ಷರ ತಾಳೆ ಹಾಕಿ. ಡೀಲರ್ ಅಳೆಯೋಕೆ ಬಿಡಲ್ಲ ಅಂದ್ರೆ ಅಲ್ಲಿಂದ ಎದ್ದು ಬಂದ್ಬಿಡಿ.

ಇನ್ನು ನಿಮ್ಮ ಟ್ರಂಕ್ ವಿಷಯ. ಕ್ವಾಂಟಿಟಿ ಕೆಟ್ಟದ್ದು ಅಂತ ಸೀನಿಯರ್ ಕಲೆಕ್ಟರ್‌ಗಳು ಬಾಯಿಪಾಠ ಮಾಡ್ಕೊಂಡ ಹಾಗೆ ಹೇಳ್ತಾರೆ, ನಾನು ಒಪ್ಪಲ್ಲ. ನೂರಾರು ಅಸಲಿ ಬಟನ್ ಬ್ಯಾಡ್ಜ್ ಕೈಯಲ್ಲಿ ಹಿಡಿದವನಿಗೇ ನಕಲಿ ಗೊತ್ತಾಗೋದು. ಹಿತ್ತಾಳೆ ಭುಜದ ಬ್ಯಾಡ್ಜ್ ಅಸಲಿಯಾದ್ರೆ ಅಚ್ಚಲ್ಲಿ ಹೊಡೆದದ್ದು, ಅಕ್ಷರದ ಅಂಚು ಚೂಪಾಗಿರುತ್ತೆ. ಎರಕ ಹೊಯ್ದ ನಕಲಿ ದಪ್ಪ, ಮೈ ತರಿತರಿ, ಅಕ್ಷರ ಸವೆದ ಸೋಪಿನ ಥರ ಮೊಂಡು. ಇದನ್ನ ಪುಸ್ತಕ ಓದಿ ಕಲಿಯೋಕಾಗಲ್ಲ. ಅಲ್ಲದೆ ಕೆಲವು ಕಡೆ ಸಂಖ್ಯೆಯೇ ಮುಖ್ಯ ಆಗುತ್ತೆ. ನೀವು ಬೆಳಗಾವಿಯವರು, ಮರಾಠಾ ಪಲ್ಟನ್ ಒಂದನ್ನೇ ಹಿಡ್ಕೊಳ್ಳಿ ಅಂದ್ಕೊಳ್ಳಿ, 103, 110, 117 ಅಂತ ಬೇರೆ ಬೇರೆ ನಂಬರಿನ ಪಲ್ಟನ್‌ಗಳು ಮೆಸೊಪೊಟೇಮಿಯಾದ (ಈಗಿನ ಇರಾಕ್) ಕೂತ್‌ನಲ್ಲಿ ಮುತ್ತಿಗೆಗೆ ಸಿಕ್ಕಿದ್ದು, 1922ರಲ್ಲಿ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿ ಅಂತ ಒಂದಾಗಿದ್ದು, ರಿಪಬ್ಲಿಕ್ ಆದ್ಮೇಲೆ ಕಿರೀಟ ಹೋಗಿ ಅಶೋಕ ಸಿಂಹ ಬಂದದ್ದು, ಈ ಒಂದೊಂದು ಘಟ್ಟಕ್ಕೂ ಒಂದೊಂದು ಬ್ಯಾಡ್ಜೋ ಬಟನ್ನೋ ಸಾಲಾಗಿ ಜೋಡಿಸಿದ್ರೆ ಒಂದು ಸೈನ್ಯದ ನೂರು ವರ್ಷ ಕಣ್ಮುಂದೆ ಬರುತ್ತೆ. ಬಿಡಿಯಾಗಿ ನೋಡಿದ್ರೆ ಎಲ್ಲಾ ಸಾಧಾರಣ ವಸ್ತುಗಳೇ.

ಆದ್ದರಿಂದ ಒಂದು ನೋಟ್‌ಬುಕ್ ತಗೊಂಡು ಟ್ರಂಕಲ್ಲಿರೋ ಒಂದೊಂದು ವಸ್ತುವಿಗೂ ಒಂದೆರಡು ಸಾಲು ಬರೀರಿ, ಏನಿದು, ಯಾವ ಪಲ್ಟನ್‌ದು, ಎಲ್ಲಿ ಸಿಕ್ತು, ಯಾರ ಮನೆಯಿಂದ ಬಂತು ಅಂತ. "ಹಳೇ ಮಿಲಿಟರಿದು" ಅನ್ನೋದು ಬಿಟ್ಟು ಬೇರೇನೂ ಬರೆಯೋಕೆ ಬರದೇ ಇರೋದನ್ನ, ಮೂರು ನಾಲ್ಕು ಡೂಪ್ಲಿಕೇಟ್ ಇರೋದನ್ನ ಕೊಟ್ಬಿಡಿ. ಬೇರೆ ಕಲೆಕ್ಟರ್ ಜೊತೆ ಬದಲಾಯಿಸ್ಕೊಂಡ್ರೆ ಇನ್ನೂ ಒಳ್ಳೇದು, ಒಬ್ಬನೇ ಡೀಲರ್‌ಗೆ ಒಟ್ಟಿಗೆ ಹಾಕಿದ್ರೆ ಗುಜರಿ ರೇಟೇ ಸಿಗೋದು. ಹೆಸರಿರೋ ಸ್ಟಾರ್‌ಗಳನ್ನ ಮಾತ್ರ ಮುಟ್ಟಬೇಡಿ. ಎರಡನೇ ಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಟ್ಟ ಸ್ಟಾರ್‌ಗಳು ಹೆಸರಿಲ್ಲದವು, ನಮ್ಮವರಿಗೆ ಕೊಟ್ಟ ಎಷ್ಟೋ ಸ್ಟಾರ್‌ಗಳ ಹಿಂದೆ ಹೆಸರು ಹೊಡೆದಿದೆ, ಅವನ್ನ ಹುಡುಕಿ ಬೇರೆ ಇಡಿ.

ಪ್ರಶ್ನೆ: ನಾವು ಕೊಡಗಿನವರು. ನಮ್ಮ ಯಜಮಾನರ ತಾತ ಬರ್ಮಾ ಯುದ್ಧದಲ್ಲಿದ್ದವರು. ಅವರ ನಾಲ್ಕು ಮೆಡಲ್ ಇವೆ, ನಾಲ್ಕು ಜನ ಅಣ್ಣತಮ್ಮಂದಿರು ಒಂದೊಂದು ಇಟ್ಕೊಳ್ಳೋಣ ಅಂತಿದ್ದಾರೆ. ಕಪ್ಪಾಗಿವೆ, ಪಾಲಿಶ್ ಮಾಡಿಸಲಾ?

ಉತ್ತರ: ದಯವಿಟ್ಟು ಹಂಚಬೇಡಿ ಅಕ್ಕಾ. ನಾಲ್ಕೂ ಒಟ್ಟಿಗಿದ್ರೆ ಅದು ಒಬ್ಬ ಮನುಷ್ಯನ ಸರ್ವಿಸ್ ಪೂರ್ತಿ, ಹಂಚಿದ್ರೆ ಮುಂದಿನ ತಲೆಮಾರಿಗೆ ಯಾವುದು ಯಾರದ್ದು ಅಂತಾನೇ ಗೊತ್ತಾಗಲ್ಲ. ಒಂದು ಮನೆಯಲ್ಲಿ ಅಸಲಿ ಇರಲಿ, ಉಳಿದ ಮೂರು ಮನೆಗೆ ಒಳ್ಳೆ ಫೋಟೋ ಫ್ರೇಮ್ ಮಾಡಿಸಿ ಕೊಡಿ, ಮೆಡಲ್‌ಗಳ ಎರಡೂ ಮುಖ ಮತ್ತೆ ಅಂಚಿನ ಹೆಸರು ಕಾಣೋ ಹಾಗೆ. ಡಿಸ್ಚಾರ್ಜ್ ಪೇಪರ್, ಪೆನ್ಷನ್ ಬುಕ್, ಯೂನಿಫಾರ್ಮ್ ಫೋಟೋ ಏನೇ ಇದ್ರೂ ಮೆಡಲ್ ಜೊತೆಯಲ್ಲೇ ಇಡಿ, ಆ ಕಾಗದ ಕಳೆದ್ರೆ ಅರ್ಧ ಬೆಲೆ ಹೋದ ಹಾಗೆ.

ಪಾಲಿಶ್ ಬೇಡವೇ ಬೇಡ. ಪದೇ ಪದೇ ಉಜ್ಜಿದ್ರೆ ಅಂಚಿನ ಹೆಸರೂ ಸವೆದು ಹೋಗುತ್ತೆ. ಒಣಗಿದ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ ಸಾಕು. ನಿಮ್ಮ ಕಡೆ ಮಳೆಗಾಲ ಅಂದ್ರೆ ಗೊತ್ತಲ್ಲ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿ, ಒದ್ದೆಯಾದಾಗ ಬದಲಾಯಿಸಿ, ಪಿವಿಸಿ ಪ್ಲಾಸ್ಟಿಕ್ ಕವರಲ್ಲಿ ಹಾಕಬೇಡಿ, ಹಸಿರು ಅಂಟು ಬಿಡುತ್ತೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ, ಮನೆಮಂದಿಯೆಲ್ಲ ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ, ಮೆಡಲ್‌ಗಳನ್ನ ಯಾಕೆ ಬಿಡಿ ಬಿಡಿ ಮಾಡಬಾರದು ಅಂತ ಅಣ್ಣತಮ್ಮಂದಿರಿಗೆ ತಾನಾಗೇ ಅರ್ಥ ಆಗುತ್ತೆ.

ಕೊಳ್ಳೋರಿಗೆ ಇಲ್ಲೇ ಒಂದು ಮಾತು. ಡೀಲರ್‌ಗಳು ಬಿಡಿ ಮೆಡಲ್ ಸೇರಿಸಿ "ಫುಲ್ ಸೆಟ್" ಅಂತ ಮಾರ್ತಾರೆ. ಎರಡನೇ ಮಹಾಯುದ್ಧದ ಮೆಡಲ್‌ಗಳಲ್ಲಿ ಡಿಫೆನ್ಸ್ ಮೆಡಲ್‌ಗೆ ಅರ್ಹತೆ ಇದ್ದವರಿಗೆ ಇಂಡಿಯಾ ಸರ್ವಿಸ್ ಮೆಡಲ್ ಕೊಡ್ತಿರಲಿಲ್ಲ, ಬರ್ಮಾ ಸ್ಟಾರ್ ಮತ್ತೆ ಪೆಸಿಫಿಕ್ ಸ್ಟಾರ್ ಎರಡೂ ಒಬ್ಬರಿಗೇ ಸಿಗ್ತಿರಲಿಲ್ಲ. ಅಂಥ ಜೋಡಿ ಒಂದೇ ಸೆಟ್ಟಲ್ಲಿ ಕಂಡ್ರೆ ಯಾರೋ ಕೂತು ಜೋಡಿಸಿದ್ದಾರೆ ಅಂತಾನೇ ಲೆಕ್ಕ.

ಪ್ರಶ್ನೆ: ಶ್ರೀರಂಗಪಟ್ಟಣ ಗೆದ್ದದ್ದಕ್ಕೆ ಬ್ರಿಟಿಷರು ಕೊಟ್ಟ ಮೆಡಲ್ ಅಂತ ಒಬ್ಬರು ತೋರಿಸಿದ್ರು, ಹೆಸರೇ ಇಲ್ಲ. ಜೊತೆಗೆ "ಟಿಪ್ಪು ಕಾಲದ" ಕತ್ತಿನೂ ಇದೆ. ಎರಡೂ ತಗೊಳ್ಳಬಹುದಾ? ಮೆಡಲನ್ನ ಅಮೆರಿಕಾದಲ್ಲಿರೋ ಮಗನಿಗೆ ಕಳಿಸೋ ಆಸೆ.

ಉತ್ತರ: ಆ ಮೆಡಲ್‌ನಲ್ಲಿ ಹೆಸರು ಇಲ್ಲದೇ ಇರೋದೇ ಸರಿ. 1799ರ ಯುದ್ಧಕ್ಕೆ ಈಸ್ಟ್ ಇಂಡಿಯಾ ಕಂಪನಿ 1808ರಲ್ಲಿ ಕೊಟ್ಟದ್ದು, ಒಂದು ಕಡೆ ಹುಲಿಯನ್ನ ಕೆಡವ್ತಿರೋ ಸಿಂಹ, ಇನ್ನೊಂದು ಕಡೆ ಕೋಟೆಗೆ ನುಗ್ಗೋ ದೃಶ್ಯ. ಹುದ್ದೆ ನೋಡಿ ಚಿನ್ನ, ಚಿನ್ನದ ನೀರು ಹಾಕಿದ ಬೆಳ್ಳಿ, ಬೆಳ್ಳಿ, ಕಂಚು, ತವರದಲ್ಲಿ ಕೊಟ್ರು. ಇಂಗ್ಲೆಂಡಿನಲ್ಲಿ ಹೊಡೆದದ್ದು 48 ಮಿ.ಮೀ., ಕಲ್ಕತ್ತಾದಲ್ಲಿ ಹೊಡೆದದ್ದು ಸುಮಾರು 45. ಆಮೇಲೆ ಹೊಡೆದವೂ, ನಕಲುಗಳೂ ಓಡಾಡ್ತಿವೆ, ಆದ್ದರಿಂದ ಅಳತೆ, ತೂಕ, ಸಿಂಹದ ಕೂದಲಿನ ಗೆರೆ ಎಷ್ಟು ಸ್ಪಷ್ಟ ಇದೆ ಅನ್ನೋದನ್ನ ನೋಡಿ ತೀರ್ಮಾನ ಮಾಡಿ. ಕತ್ತಿ ಬಿಡಿ. ಹಳೇ ಕತ್ತಿಗೆಲ್ಲ ಟಿಪ್ಪು ಹೆಸರು ಅಂಟಿಸಿ ಮಾರೋದು ನಮ್ಮಲ್ಲಿ ಮಾಮೂಲಿ, ಎಲ್ಲಿಂದ ಬಂತು ಅನ್ನೋದಕ್ಕೆ ಕಾಗದ ಇಲ್ಲದಿದ್ರೆ ಆ ಹೆಸರಿಗೆ ಒಂದು ರೂಪಾಯಿನೂ ಜಾಸ್ತಿ ಕೊಡಬೇಡಿ. ಕತ್ತಿ, ಬಯೋನೆಟ್ ಎಲ್ಲ ಆರ್ಮ್ಸ್ ಆಕ್ಟ್‌ನ ಪಟ್ಟಿಯಲ್ಲಿ ಬರ್ತವೆ, ನಿಮ್ಮ ಕಡೆ ಲೈಸೆನ್ಸ್ ಬೇಕಾ ಅಂತ ಪೊಲೀಸ್ ಸ್ಟೇಷನ್‌ನಲ್ಲಿ ಕೇಳ್ಕೊಂಡೇ ಮುಂದುವರೀರಿ.

ಅಮೆರಿಕಾಗೆ ಕಳಿಸೋ ಯೋಚನೆ ಮಾತ್ರ ಬಿಟ್ಬಿಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನ ಖಾಸಗಿಯಾಗಿ ದೇಶದ ಹೊರಗೆ ಕಳಿಸೋ ಹಾಗಿಲ್ಲ, ಕೊರಿಯರಲ್ಲೂ ಇಲ್ಲ, ಸೂಟ್‌ಕೇಸಲ್ಲೂ ಇಲ್ಲ. ಮಗ ಊರಿಗೆ ಬಂದಾಗ ಮನೆಯಲ್ಲೇ ತೋರಿಸಿ, ಹಾಗೇ ಶ್ರೀರಂಗಪಟ್ಟಣಕ್ಕೂ ಒಂದು ರೌಂಡ್ ಕರ್ಕೊಂಡು ಹೋಗಿ.