ಹಾವೇರಿಯ ತಂಗಿಗೆ: ‘ಐಡ್’, ‘ಯೂಡ್’, ‘ಶುಡಾ’ ಬಗ್ಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಹಾವೇರಿಯಿಂದ ಬಂದು ಇಂಗ್ಲೆಂಡಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್ ಒಂದರಲ್ಲಿ ನರ್ಸ್ ಆಗಿ ಸೇರಿದ್ದೀಯ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 7 ಬಂದಿದೆ. ಆದರೂ ಜೊತೆಗೆ ಕೆಲಸ ಮಾಡುವವರು ‘ಐಡ್’, ‘ಯೂಡ್’, ‘ಶುಡಾ’ ಅಂದಾಗ ಮಾಡು ಅಂದರಾ, ಬೇಡ ಅಂದರಾ, ಆಗಲೇ ಆಗಿಹೋಯಿತು ಅಂದರಾ ಒಂದೂ ತಿಳಿಯುವುದಿಲ್ಲ ಅಂತ ಬರೆದಿದ್ದೀಯ. ಜೊತೆಗೆ ಚಳಿ, ಬಾಡಿಗೆ, ರೊಟ್ಟಿ ಹಿಟ್ಟು ಅಂತಲೂ ಕೇಳಿದ್ದೀಯ.

ಮೊದಲು ಸಣ್ಣವು. ಚಳಿ ಅಭ್ಯಾಸ ಆಗುತ್ತದೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವುದು ಮಾತ್ರ ನನಗೆ ಇನ್ನೂ ಅಭ್ಯಾಸ ಆಗಿಲ್ಲ. ಬಾಡಿಗೆಗೆ ಕರಾರು ಪತ್ರ ಇಲ್ಲದೆ ದುಡ್ಡು ಕೊಡಬೇಡ. ಜೋಳದ ಹಿಟ್ಟು ಗುಜರಾತಿಗಳ ಅಂಗಡಿಯಲ್ಲಿ ‘ಜುವಾರ್’ ಅಂತ ಕೇಳಿದರೆ ಸಿಗುತ್ತದೆ. ಹಿಟ್ಟು ಹಳೆಯದಿರುತ್ತದೆ, ಏನು ಮಾಡಬೇಕು ಅಂತ ನಿನಗೆ ನಾನು ಹೇಳಬೇಕಾ!

ಇನ್ನು ಮಾತಿನ ವಿಷಯ. ನಾನು ಲೀಡ್ಸ್‌ಗೆ ಬಂದದ್ದು 2006ರ ಜನವರಿಯಲ್ಲಿ. ಧಾರವಾಡದ ಕನ್ನಡ ಶಾಲೆ, ಐದನೇ ಇಯತ್ತೆಯಿಂದ ಇಂಗ್ಲಿಷ್, ಆಮೇಲೆ ಬಿ.ಕಾಂ. ವ್ಯಾಕರಣದಲ್ಲಿ ನನ್ನನ್ನು ಯಾರೂ ಹಿಡಿಯುವ ಹಾಗಿರಲಿಲ್ಲ, ಈಗಲೂ ನನ್ನ ಆಫೀಸಿನ ಇಂಗ್ಲಿಷ್ ಹುಡುಗರ ಪತ್ರ ತಿದ್ದುವವಳು ನಾನೇ. ‘ಇಫ್ ಐ ವರ್ ಎ ಬರ್ಡ್, ಐ ವುಡ್ ಫ್ಲೈ’ ಅಂತ ನಮಗೆಲ್ಲ ಬರೆಸಿ ಬರೆಸಿ ಕಲಿಸಿದ್ದಾರೆ, ಅಲ್ವಾ? ಇಲ್ಲಿ ಯಾರಿಗೂ ಹಕ್ಕಿ ಆಗುವ ಆಸೆ ಇಲ್ಲ. ‘ಇಫ್’ ಇರುವ ಅರ್ಧ ವಾಕ್ಯವನ್ನು ಹೇಳುವುದೇ ಇಲ್ಲ, ಉಳಿದ ಅರ್ಧದಲ್ಲೂ ‘ವುಡ್’ ಅನ್ನುವುದನ್ನು ಒಂದು ‘ಡ್’ ಮಾಡಿ ನುಂಗುತ್ತಾರೆ. ‘ಐಡ್ ವೇಟ್’ ಅಂದರೆ ‘ನಿನ್ನ ಜಾಗದಲ್ಲಿ ನಾನಿದ್ದರೆ ಕಾಯುತ್ತಿದ್ದೆ’, ಅಂದರೆ ನೀನು ಕಾಯುವುದು ಒಳ್ಳೆಯದು. ಹೇಳುವುದು ತಮ್ಮ ಬಗ್ಗೆ, ಮಾಡಬೇಕಾದವಳು ನೀನು.

ಈ ‘ಡ್’ನಲ್ಲಿ ಇಬ್ಬರು ಇದ್ದಾರೆ. ‘ವುಡ್’ ಮತ್ತು ‘ಹ್ಯಾಡ್’. ಮುಂದಿನ ಕ್ರಿಯಾಪದ ನೋಡಿದರೆ ಯಾರೆಂದು ಗೊತ್ತಾಗುತ್ತದೆ. ‘ಶೀಡ್ ಈಟ್’ ಅಂದರೆ ವುಡ್, ‘ಶೀಡ್ ಈಟನ್’ ಅಂದರೆ ಹ್ಯಾಡ್. ‘ಯೂಡ್ ಬೆಟರ್’ ಅಂತ ಬಂದರೆ ಅದು ಹ್ಯಾಡ್, ಮತ್ತು ಅದು ಸಲಹೆ ಅಲ್ಲ, ಎಚ್ಚರಿಕೆ. ‘ಯೂಡ್ ಬೆಟರ್ ಕಾಲ್ ದ ಡಾಕ್ಟರ್’ ಅಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಫೋನ್ ಮಾಡು. ಕೆಲವೊಮ್ಮೆ ‘ಡ್’ ಕೇಳಿಸುವುದೇ ಇಲ್ಲ. ಆಗ ಇನ್ನೊಂದು ಗುರುತು ಇದೆ. ‘ಹೀ’, ‘ಶೀ’ ಆದ ಮೇಲೆ ಕ್ರಿಯಾಪದಕ್ಕೆ ‘ಸ್’ ಹತ್ತಬೇಕಲ್ಲ, ಅದು ಹತ್ತದೆ ‘ಶೀ ಟೇಕ್’ ಅಂತ ಕೇಳಿಸಿದರೆ ನಡುವೆ ಏನೋ ನುಂಗಿದ್ದಾರೆ ಅಂತ ತಿಳಿ. ಒಂದೋ ‘ಡ್’, ಇಲ್ಲಾ ‘ವಿಲ್’ನಲ್ಲಿ ಉಳಿದ ‘ಲ್’. ಆಗ ಸುಮ್ನೆ ತಲೆ ಆಡಿಸಬೇಡ. ಮಾತ್ರೆ ವಿಷಯ ಇದ್ದರಂತೂ ಇನ್ನೊಮ್ಮೆ ಕೇಳು. ಕೇಳಿದರೆ ಇಲ್ಲಿ ಯಾರೂ ಕೀಳಾಗಿ ನೋಡುವುದಿಲ್ಲ, ಕೇಳದೆ ತಪ್ಪು ಮಾಡಿದರೆ ನೋಡುತ್ತಾರೆ.

‘ಶುಡಾ’ ಅಂದರೆ ‘ಶುಡ್ ಹ್ಯಾವ್’. ‘ವುಡಾ’, ‘ಕುಡಾ’ ಕೂಡ ಹಾಗೇ. ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ, ಅದನ್ನ ಹೇಳುತ್ತೇನೆ.

ನನ್ನ ಮೊದಲನೇ ಕೆಲಸ ಒಂದು ಆಫೀಸಿನ ಲೆಕ್ಕಪತ್ರ ವಿಭಾಗದಲ್ಲಿ. ಯಾವ ಆಫೀಸು ಅನ್ನುವುದು ಬೇಡ. ನನ್ನ ಸೀನಿಯರ್ ಒಬ್ಬರಿದ್ದರು, ಯಾರ್ಕ್‌ಶೈರಿನ ಹಳೆಯ ಮನುಷ್ಯ, ಮಾತು ಕಡಿಮೆ. ಪಕ್ಕದ ವಿಭಾಗದಲ್ಲಿ ಒಂದು ಮೇಲಿನ ಹುದ್ದೆ ಖಾಲಿಯಾಗಿ ನೋಟಿಸ್ ಹಚ್ಚಿದ್ದರು. ಅವರು ಚಹಾ ಮಾಡಿಕೊಳ್ಳುತ್ತಾ ಅದರ ಕಡೆ ಕೈ ತೋರಿಸಿ, ‘ಐಡ್ ಪುಟ್ ಇನ್ ಫಾರ್ ದಟ್’ ಅಂದರು. ‘ಪುಟ್ ಇನ್’ ಅಂದರೆ ಅರ್ಜಿ ಹಾಕುವುದು ಅಂತ ನನಗೆ ಗೊತ್ತಿತ್ತು. ‘ಡ್’ ಕೇಳಿಸಲಿಲ್ಲ. ಕೇಳಿಸಿದ್ದರೂ ಉಪಯೋಗ ಇರಲಿಲ್ಲ ನೋಡು, ಯಾಕೆಂದರೆ ‘ಪುಟ್’ ಭೂತಕಾಲದಲ್ಲೂ ‘ಪುಟ್’, ವರ್ತಮಾನದಲ್ಲೂ ‘ಪುಟ್’. ಮೇಲೆ ಹೇಳಿದ ಉಪಾಯ ಇಲ್ಲಿ ನಡೆಯುವುದಿಲ್ಲ. ಅವರು ತಾವೇ ಅರ್ಜಿ ಹಾಕಿದ್ದಾರೆ ಅಂದುಕೊಂಡೆ. ಹಿರಿಯರು ಕೈ ಹಾಕಿದ ಜಾಗಕ್ಕೆ ನಾವು ಕೈ ಹಾಕುವುದೇನು ಚಂದ? ಒಳ್ಳೇದಾಗಲಿ ಅಂದೆ, ಬಂದು ಕುಳಿತೆ. ಅವರ ಮುಖ ಒಂಥರಾ ಆಯಿತು, ಅದೂ ನನಗೆ ತಿಳಿಯಲಿಲ್ಲ.

ಸ್ವಲ್ಪ ದಿನ ಆದ ಮೇಲೆ ಅದೇ ಚಹಾದ ಹತ್ತಿರ ಸಿಕ್ಕು, ‘ಯೂ ಶುಡಾ ಪುಟ್ ಇನ್ ಫಾರ್ ಇಟ್’ ಅಂದರು. ನನ್ನ ಕಿವಿಗೆ ಬಿದ್ದದ್ದು ‘ಯೂ ಶುಡ್ ಪುಟ್ ಇನ್’. ಓಹೋ, ನನಗೇ ಹೇಳುತ್ತಿದ್ದಾರೆ ಅಂತ ಆಗ ಹೊಳೆಯಿತು. ರಾತ್ರಿ ಕುಳಿತು ಚಂದಾಗಿ ಅರ್ಜಿ ತುಂಬಿ, ಗಂಡನಿಂದ ಓದಿಸಿ, ಮರುದಿನ ಬೆಳಿಗ್ಗೆ ಅವರ ಕೈಗೇ ಕೊಟ್ಟೆ. ಅವರು ಅದನ್ನು ಪೂರ್ತಿ ಓದಿ, ‘ಇಟ್ಸ್ ಕ್ಲೋಸ್ಡ್, ಲವ್’ ಅಂದರು. ಇಲ್ಲಿ ಬಸ್ ಡ್ರೈವರ್ ಕೂಡ ‘ಲವ್’ ಅನ್ನುತ್ತಾನೆ, ನಮ್ಮ ಕಡೆ ‘ಅವ್ವಾ’ ಅಂದ ಹಾಗೆ, ಗಾಬರಿ ಆಗಬೇಡ.

ಕನ್ನಡದಲ್ಲಿ ‘ಅರ್ಜಿ ಹಾಕಬೇಕು’, ‘ಅರ್ಜಿ ಹಾಕಬೇಕಿತ್ತು’. ಬಾಗಿಲು ತೆರೆದಿದೆಯಾ ಮುಚ್ಚಿದೆಯಾ ಅನ್ನುವುದು ವಾಕ್ಯದ ಕೊನೆಗೆ ಸ್ಪಷ್ಟವಾಗಿ ಬರುತ್ತದೆ, ನಮ್ಮ ಕಿವಿ ಕೊನೆಯನ್ನೇ ಕಾಯುತ್ತದೆ. ಅವರು ಅದನ್ನು ವಾಕ್ಯದ ನಡುವೆ, ಎರಡನೇ ಮೂರನೇ ಶಬ್ದದಲ್ಲೇ ಮುಗಿಸಿಬಿಟ್ಟಿರುತ್ತಾರೆ. ನಾವು ಕಾಯುತ್ತಿರುವಾಗ ಅದು ಹೋಗಿರುತ್ತದೆ. ಅವರನ್ನು ಬೈಯುವುದಕ್ಕೂ ಆಗುವುದಿಲ್ಲ. ‘ಮಾಡಲಿಕ್ಕೆ ಹತ್ತಿದ್ದೇನೆ’ ಅನ್ನುವುದನ್ನು ‘ಮಾಡಾಕತ್ತೀನಿ’ ಅಂತ ನುಂಗುವವರು ನಾವು. ಬೆಂಗಳೂರಿನವರು ಬಾಯಿ ತೆರೆದು ನೋಡುತ್ತಾರೆ, ನಾವೇನು ಬಿಡಿಸಿ ಹೇಳುತ್ತೇವಾ?

ಹುದ್ದೆ ಹೋದದ್ದು ಬಿಡು, ಆಮೇಲೆ ಬೇರೆ ಸಿಕ್ಕಿತು. ನನಗೆ ಉಳಿದ ಬೇಜಾರು ಬೇರೆ. ಆ ಮನುಷ್ಯ ಮತ್ತೆ ಯಾವತ್ತೂ ನನಗೆ ಇಂಥದ್ದು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಅವರು ನನಗೆ ದಾರಿ ತೋರಿಸಿದ್ದರು, ನಾನು ಬೇಡ ಅಂದಿದ್ದೆ. ನಮ್ಮಲ್ಲಿ ‘ಊಟಾ ಮಾಡ್ರಿ’ ಅಂತ ಒಮ್ಮೆ ಹೇಳಿದರೆ ಯಾರಾದರೂ ಏಳುತ್ತಾರಾ? ಎರಡು ಸಲ ಬೇಡ ಅಂದು, ಮೂರನೇ ಸಲಕ್ಕೆ ತಾಟಿನ ಮುಂದೆ ಕೂಡುತ್ತೇವೆ. ಕರೆಯುವವರಿಗೂ ಅದು ಗೊತ್ತು. ಇಲ್ಲಿ ಒಂದೇ ಸಲ, ಅದೂ ಮೆಲ್ಲಗೆ, ಅದೂ ‘ಐಡ್’ ಅಂತ ತಮ್ಮ ಮೇಲೆ ಹಾಕಿಕೊಂಡು ಹೇಳುತ್ತಾರೆ. ಅವರು ನಿವೃತ್ತಿಯಾಗುವವರೆಗೂ ಜೊತೆಗಿದ್ದೆ, ಏನಾಗಿತ್ತು ಅಂತ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ, ಅಭಿಮಾನ ಅಡ್ಡ ಬಂತು.

ಅವರು ಇದನ್ನ ಯಾಕೆ ಹೀಗೆ ಸುತ್ತಿ ಹೇಳುತ್ತಾರೆ ಅಂದರೆ, ಅವರಿಗೆ ನಮ್ಮ ‘ರೀ’ ಇಲ್ಲ. ನಾವು ‘ಬರ್ರಿ’, ‘ಕೂಡ್ರಿ’, ‘ಸಹಿ ಮಾಡ್ರಿ’ ಅಂದರೆ ಮರ್ಯಾದೆ ಅದರಲ್ಲೇ ಬಂತು, ಆಜ್ಞೆ ಅನ್ನಿಸುವುದಿಲ್ಲ. ಅವರಿಗೆ ಆ ಕೆಲಸವನ್ನು ಈ ‘ಡ್’ ಮಾಡಿಕೊಡುತ್ತದೆ. ಹಾಗಾಗಿ ‘ಇಟ್‌ಡ್ ಬಿ ಗುಡ್ ಇಫ್ ಯೂ ಕುಡ್ ಸ್ಟೇ’ ಅಂತ ಮೇಲಿನವರು ಹೇಳಿದರೆ ಅದು ನಿನ್ನ ಇಷ್ಟಕ್ಕೆ ಬಿಟ್ಟದ್ದು ಅಂದುಕೊಳ್ಳಬೇಡ. ‘ಐಡ್ ಹ್ಯಾವ್ ಥಾಟ್’ ಅಂತ ಶುರು ಮಾಡಿದರೆ ನೀನು ಹೇಳಿದ್ದನ್ನು ಅವರು ಒಪ್ಪಿಲ್ಲ. ‘ಐ ವುಡಂಟ್’ ಅಂತ ಇಷ್ಟೇ ಅಂದರೆ, ಮುಟ್ಟಬೇಡ ಅಂತ. ಯಾರ್ಕ್‌ಶೈರ್ ಕಡೆಯವರು ಅದನ್ನೇ ‘ಐಡ್ ನಾಟ್’ ಅನ್ನುತ್ತಾರೆ. ಇನ್ನು ‘ವುಡ್ ಯೂ ಮೈಂಡ್’, ಅಂದರೆ ‘ಮಾಡಲು ನಿನಗೆ ಬೇಜಾರಾ’ ಅಂತ ಕೇಳಿದರೆ, ಮಾಡಿಕೊಡುವ ಮನಸ್ಸಿದ್ದಾಗ ‘ನೋ’ ಅನ್ನಬೇಕು. ನಮ್ಮ ಬಾಯಿಗೆ ‘ಎಸ್’ ಬರುತ್ತದೆ, ನೋಡಿಕೋ.

ಮಾತಾಡುವಾಗ ನೀನೂ ‘ಐಡ್’ ಅನ್ನು, ತೊಂದರೆ ಇಲ್ಲ. ಆದರೆ ಉತ್ತರದ ಕೊನೆಗೆ ಅದನ್ನು ನಿಲ್ಲಿಸಬೇಡ. ‘ಎಸ್, ಐ ವುಡ್’ ಅಂತ ಪೂರ್ತಿ ಬರಬೇಕು, ‘ಎಸ್, ಐಡ್’ ಅನ್ನುವುದು ಇಂಗ್ಲಿಷಿನಲ್ಲಿ ಇಲ್ಲ. ‘ಐ ವುಡ್ ಹ್ಯಾವ್’ ಅನ್ನುವುದನ್ನು ‘ಐಡವ್’ ಅಂತ ಎರಡೆರಡು ನುಂಗುವುದನ್ನು ಕಿವಿಗೆ ಮಾತ್ರ ಇಟ್ಟುಕೋ. ರೋಗಿಯ ದಾಖಲೆಯಲ್ಲಿ ಎಲ್ಲ ಬಿಡಿಸಿ ಬರೆ. ಇಲ್ಲಿಯವರು ಎಷ್ಟೋ ಜನ ‘ಶುಡ್ ಹ್ಯಾವ್’ ಅನ್ನುವುದನ್ನು ‘ಶುಡ್ ಆಫ್’ ಅಂತ ಬರೆಯುತ್ತಾರೆ, ಕೇಳಿಸುವುದು ಹಾಗೇ ಇದೆಯಲ್ಲ. ಅವರು ಬರೆದರು ಅಂತ ನೀನು ಬರೆಯಬೇಡ, ನಮ್ಮ ಮಾಸ್ತರರು ಕಲಿಸಿದ್ದೇ ಸರಿ.

ಒಂದು ಮಾತು ಮುಖ್ಯ, ನಿನ್ನ ಕೆಲಸಕ್ಕೆ ಜಾಸ್ತಿ ಬೇಕಾದದ್ದು. ನಾವು ಭಾರತದವರು ಮರ್ಯಾದೆಗೆ ಅಂತ ‘ವಿಲ್’ ಬರಬೇಕಾದಲ್ಲಿ ‘ವುಡ್’ ಹಾಕುತ್ತೇವೆ. ‘ಐ ವುಡ್ ಗಿವ್ ದ ಟ್ಯಾಬ್ಲೆಟ್ ಅಟ್ ಎಯ್ಟ್’ ಅಂದರೆ ನಿನ್ನ ಮನಸ್ಸಿನಲ್ಲಿ ಎಂಟಕ್ಕೆ ಕೊಡುತ್ತೇನೆ ಅಂತ. ಕೇಳಿದವರು ‘ಇಫ್’ ಎಲ್ಲಿದೆ ಅಂತ ಕಾಯುತ್ತಾರೆ, ಕೊಡುತ್ತಾಳೋ ಇಲ್ಲವೋ ಅಂತ ಅನುಮಾನ ಪಡುತ್ತಾರೆ. ಡ್ಯೂಟಿ ಒಪ್ಪಿಸುವಾಗ ‘ಐ ವಿಲ್’, ‘ಐ ಹ್ಯಾವ್’, ಇವೆರಡೇ ಸಾಕು.

ಕಿವಿ ಪಳಗಲಿಕ್ಕೆ ಟೈಮ್ ಬೇಕು, ಟಿವಿಗಿಂತ ಬಸ್ ಸ್ಟಾಪಿನಲ್ಲಿ ನಿಂತ ಅಜ್ಜಿಯರ ಮಾತು ಒಳ್ಳೆಯದು, ಅವರಿಗೆ ಅವಸರ ಇರುವುದಿಲ್ಲ, ನೀನು ಒಂದು ಕೇಳಿದರೆ ಹತ್ತು ಹೇಳುತ್ತಾರೆ, ಹವಾಮಾನದಿಂದ ಶುರು ಮಾಡು. ಊರಿಂದ ಯಾರಾದರೂ ಬರುವವರಿದ್ದರೆ ಬ್ಯಾಡಗಿ ಮೆಣಸಿನಕಾಯಿ ಪುಡಿ ತರಿಸು, ನಿಮ್ಮ ಜಿಲ್ಲೆಯದೇ ಅಲ್ವಾ, ಇಲ್ಲಿಯ ಪುಡಿಗೆ ಆ ಬಣ್ಣ ಇಲ್ಲ. ಪೇಡಾ ತರಿಸಬೇಡ. ಭಾರತದಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ, ಸಿಕ್ಕರೆ ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡುಬಿಡುತ್ತಾರೆ.